ಮಿಷಿಗನ್ ಎದುರು ಸೋತದ್ದು ಹುಡುಗರಲ್ಲ, ಆಟದ ಯೋಜನೆ

ಕೊಲಂಬಸ್ ಸುತ್ತಮುತ್ತಲಿನ ಎಲ್ಲ ಕನ್ನಡದ ಅಪ್ಪ ಅಮ್ಮಂದಿರಿಗೆ ನಮಸ್ಕಾರ. 2024ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಎದುರಿನ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ನಮ್ಮೂರಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಹೇಗೆ ಸೋತಿತು ಎಂದು ಮಗ ಇವತ್ತಿಗೂ ಕೇಳುತ್ತಾನೆ, ಏನು ಹೇಳಲಿ ಎಂದು ನಮ್ಮಲ್ಲಿ ಒಬ್ಬರು ಕೇಳಿದ್ದರು. ಆಟದಲ್ಲಿ ಸೋಲು ಗೆಲುವು ಇದ್ದದ್ದೇ ಎಂದು ಹೇಳಿಬಿಡಿ ಎಂದು ಇನ್ನೊಬ್ಬರು ಬರೆದರು. ಆ ಉತ್ತರ ಮಗುವಿಗೆ ಸಾಲದು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಈ ತಂಡ ಊರಿನ ತಂಡ. ಅವರು ಕಾರಣ ಕೇಳುತ್ತಿದ್ದಾರೆ, ಸಮಾಧಾನವನ್ನಲ್ಲ. ಕಾರಣ ಇದೆ, ಅದನ್ನು ನಾವು ಕನ್ನಡದಲ್ಲೇ ವಿವರಿಸಬಹುದು.

ಮೊದಲು ಆ ದಿನದ ಸ್ಥಿತಿ ನೋಡೋಣ. 2024ರ ನವೆಂಬರ್ 30. ಒಹಾಯೊ ಸ್ಟೇಟ್ ಹತ್ತು ಗೆದ್ದು ಒಂದು ಸೋತಿತ್ತು, ಮಿಷಿಗನ್ ಆರು ಗೆದ್ದು ಐದು ಸೋತಿತ್ತು. ಎಸೆದ ಚೆಂಡು ಹಿಡಿಯುವವರನ್ನು ಕಾಯುವ ಮಿಷಿಗನ್‌ನ ಅತ್ಯುತ್ತಮ ಆಟಗಾರ (ಕಾರ್ನರ್‌ಬ್ಯಾಕ್) ವಿಲ್ ಜಾನ್ಸನ್ ಗಾಯದಿಂದ ಹೊರಗಿದ್ದ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸಿ ಚೆಂಡು ಎಸೆಯುವವನು, ಇಡೀ ಪಂದ್ಯದಲ್ಲಿ ಎಸೆದು ಗಳಿಸಿದ್ದು 62 ಗಜ ಮಾತ್ರ. ಆದರೂ ಫಲಿತಾಂಶ 13-10, ಮಿಷಿಗನ್‌ಗೆ ನಮ್ಮ ವಿರುದ್ಧ ಸತತ ನಾಲ್ಕನೆಯ ಗೆಲುವು. ನಮ್ಮ ತಂಡ ದ್ವಿತೀಯಾರ್ಧದಲ್ಲಿ ಒಂದೇ ಒಂದು ಅಂಕ ಗಳಿಸಲಿಲ್ಲ.

ಅಮೆರಿಕನ್ ಫುಟ್‌ಬಾಲ್ ಹೊಸದಾದವರಿಗೆ ಎರಡು ಮಾತು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಅವುಗಳಿಗೆ ಡೌನ್ ಎನ್ನುತ್ತಾರೆ. ಚೆಂಡು ಹಿಡಿದು ಓಡಬಹುದು, ಇಲ್ಲವೇ ಎಸೆಯಬಹುದು. ಓಟವನ್ನು ತಡೆಯಲೆಂದು ಎದುರಾಳಿ ಹೆಚ್ಚು ಜನರನ್ನು ಸಾಲಿನ ಹತ್ತಿರ ತಂದರೆ ಹಿಂದೆ ಕಾಯುವವರು ಕಡಿಮೆಯಾಗುತ್ತಾರೆ. ಕ್ರಿಕೆಟ್‌ನಲ್ಲಿ ಫೀಲ್ಡರ್‌ಗಳನ್ನೆಲ್ಲ ವೃತ್ತದೊಳಗೆ ತಂದಾಗ ತಲೆಯ ಮೇಲಿಂದ ಹೊಡೆದರೆ ಬೌಂಡರಿ ಸಿಗುವಂತೆಯೇ ಇದು. ಇಷ್ಟು ತಿಳಿದರೆ ಅರ್ಧ ಆಟ ತಿಳಿದಂತೆ.

ಈಗ ಅಂದಿನ ಯೋಜನೆಗೆ ಬರೋಣ. ನಮ್ಮ ಆಫೆನ್ಸಿವ್ ಲೈನ್, ಅಂದರೆ ಚೆಂಡು ನಮ್ಮ ಬಳಿ ಇದ್ದಾಗ ಎದುರಾಳಿಯನ್ನು ತಡೆಯುವ ಮುಂಚೂಣಿಯ ಐವರ ಸಾಲು, ಆಗಲೇ ಮುಕ್ಕಾಗಿತ್ತು. ಅಕ್ಟೋಬರ್‌ನಲ್ಲಿ ಆರೆಗನ್ ಎದುರಿನ ಪಂದ್ಯದಲ್ಲಿ ಆ ಸಾಲಿನ ಎಡ ತುದಿಯ ಆಟಗಾರ (ಎಡ ಟ್ಯಾಕಲ್) ಜಾಶ್ ಸಿಮನ್ಸ್ ಗಾಯಗೊಂಡಿದ್ದ. ನವೆಂಬರ್‌ನಲ್ಲಿ ಅಭ್ಯಾಸದ ವೇಳೆ ಸಾಲಿನ ನಡುವೆ ನಿಲ್ಲುವ ಸೆಂಟರ್ ಸೆತ್ ಮೆಕ್‌ಲಾಫ್ಲಿನ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಮಿಷಿಗನ್‌ನ ನಿಜವಾದ ಬಲವಿದ್ದದ್ದು ಸರಿಯಾಗಿ ಆ ನಡುಭಾಗದಲ್ಲೇ: ಅವರ ಡಿಫೆನ್ಸ್‌ನ ಮುಂಚೂಣಿಯ ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್. ಮುಂದಿನ ವರ್ಷ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಇಬ್ಬರೂ ಆಯ್ಕೆಯಾದರು. ನಮ್ಮ ಅತಿ ದುರ್ಬಲ ಜಾಗದಿಂದ ಅವರ ಅತಿ ಬಲವಾದ ಜಾಗಕ್ಕೆ ಮತ್ತೆ ಮತ್ತೆ ನುಗ್ಗಿದೆವು. 26 ಸಲ ಓಡಿ ಗಳಿಸಿದ್ದು 77 ಗಜ. ಎಸೆದ ಚೆಂಡನ್ನು ಹಿಡಿಯಬಲ್ಲ ಜೆರಮೈಯಾ ಸ್ಮಿತ್, ಎಮೆಕಾ ಎಗ್ಬುಕಾ, ಕಾರ್ನೆಲ್ ಟೇಟ್ ಅಂಚಿನಲ್ಲಿ ನಿಂತೇ ಇದ್ದರು.

ಅರ್ಧಾವಧಿಗೆ ಸ್ವಲ್ಪ ಮುಂಚೆ ಸಮಯ ಸಾಲದೆ ಎಸೆಯಲೇಬೇಕಾಯಿತು. ಎಸೆದೆವು, ಸ್ಮಿತ್‌ಗೆ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಸಿಕ್ಕಿತು, 10-10 ಆಯಿತು. ದಾರಿ ಕಣ್ಣೆದುರೇ ತೆರೆದಿತ್ತು. ವಿರಾಮದ ನಂತರ ಮತ್ತೆ ಗೋಡೆಗೇ ತಲೆ ಚಚ್ಚಿಕೊಂಡೆವು. ನಮ್ಮ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಎರಡು ಬಾರಿ ಚೆಂಡನ್ನು ಎದುರಾಳಿಯ ಕೈಗಿತ್ತದ್ದೂ ನಿಜ, ಎರಡು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡನ್ನು ಒದ್ದು ಅಂಕ ಗಳಿಸುವುದು) ತಪ್ಪಿದ್ದೂ ನಿಜ. ಆದರೂ ಮೊದಲ ಹೊಣೆ ಕೋಚ್ ರಯಾನ್ ಡೇ ಮತ್ತು ಆಫೆನ್ಸ್‌ನ ಹೊಣೆ ಹೊತ್ತಿದ್ದ ಚಿಪ್ ಕೆಲಿ ಅವರದೇ ಎನ್ನುತ್ತೇನೆ. ಮಿಷಿಗನ್‌ನೊಂದಿಗಿನ ಪಂದ್ಯವೆಂದರೆ ದೈಹಿಕ ಬಲವನ್ನು ಸಾಬೀತುಪಡಿಸಬೇಕೆಂಬ ಹಟ ಬಂದುಬಿಡುತ್ತದೆ. ಆ ಹಟ ಯೋಜನೆಯ ಜಾಗವನ್ನು ತೆಗೆದುಕೊಂಡಿತು.

ಹುಡುಗರಲ್ಲಿ ಕೊರತೆಯಿತ್ತು ಎನ್ನುವವರು ಮುಂದೆ ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆದ ಪ್ಲೇಆಫ್ ಪಂದ್ಯಗಳನ್ನು ನೋಡಬೇಕು. ಅದೇ ಕೋಚ್, ಅದೇ ಲೈನ್, ಅದೇ ಕ್ವಾರ್ಟರ್‌ಬ್ಯಾಕ್. ಡಿಸೆಂಬರ್ 21ರಂದು ಟೆನೆಸಿ ಎದುರು ಮೊದಲ ಸರದಿಯಲ್ಲೇ ಸ್ಮಿತ್‌ಗೆ 37 ಗಜದ ಟಚ್‌ಡೌನ್, ಮೊದಲ ಕಾಲುಭಾಗ ಮುಗಿಯುವಷ್ಟರಲ್ಲಿ 21-0, ಕೊನೆಗೆ 42-17. ಹೊಸ ವರ್ಷದ ದಿನ ರೋಸ್ ಬೌಲ್‌ನಲ್ಲಿ, ಅಕ್ಟೋಬರ್‌ನಲ್ಲಿ ನಮ್ಮನ್ನು ಒಂದೇ ಅಂಕದಿಂದ ಸೋಲಿಸಿದ್ದ ಆರೆಗನ್ ವಿರುದ್ಧ 34-0 ಮುನ್ನಡೆ, ಕೊನೆಗೆ 41-21. ಸ್ಮಿತ್ 187 ಗಜ ಗಳಿಸಿದ. ಆ ಹುಡುಗ ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದ.

ಸೆಮಿಫೈನಲ್‌ನಲ್ಲಿ ಎದುರಾದ ಟೆಕ್ಸಸ್ ಬುದ್ಧಿವಂತಿಕೆಯಿಂದ ಬಂದಿತು. ಸ್ಮಿತ್‌ನನ್ನು ಕಟ್ಟಿಹಾಕಿ ಒಂದು ಕ್ಯಾಚ್, ಮೂರು ಗಜಕ್ಕೆ ನಿಲ್ಲಿಸಿತು. ಒಬ್ಬನ ಮೇಲೆ ಕಣ್ಣಿಟ್ಟರೆ ಉಳಿದವರಿಗೆ ಜಾಗ ಸಿಗುತ್ತದೆ. ಅರ್ಧಾವಧಿಗೆ ಮುನ್ನ ಚೆಂಡು ಹಿಡಿದು ಓಡುವ ಟ್ರೆವೆಯಾನ್ ಹೆಂಡರ್ಸನ್‌ಗೆ, ಮುಂದೆ ತಡೆಯುವವರ ಮರೆಯಲ್ಲಿ, ಚಿಕ್ಕದೊಂದು ಎಸೆತ (ಸ್ಕ್ರೀನ್ ಪಾಸ್) ಕೊಟ್ಟರು, ಅವನು 75 ಗಜ ಓಡಿ ಟಚ್‌ಡೌನ್ ಮಾಡಿದ. ಕೊನೆಗೆ ನಮಗೆ 28-14ರ ಗೆಲುವು. ಮಿಷಿಗನ್ ಪಂದ್ಯದಲ್ಲಿ ಇಂಥ ಪರ್ಯಾಯಗಳನ್ನು ಸಾಕಷ್ಟು ಬಳಸಲಿಲ್ಲ ಎನ್ನುವುದು ನನಗೆ ಇಂದಿಗೂ ನೋವಿನ ವಿಷಯ.

ಮಕ್ಕಳ ಜೊತೆ ಕುಳಿತು ಒಂದೇ ಒಂದು ಆಟವನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದಾದರೆ, 2025ರ ಜನವರಿ 20ರ ಅಟ್ಲಾಂಟಾ ಫೈನಲ್‌ನದು ನೋಡಿ. ನೋಟರ್ ಡೇಮ್ ಹಿಂದಿನಿಂದ ಏರಿಬಂದು 31-23 ಆಗಿದೆ. ಮೂರು ನಿಮಿಷವೂ ಉಳಿದಿಲ್ಲ. ಚೆಂಡು ನಮ್ಮ ಬಳಿ, ಮೂರನೆಯ ಡೌನ್, ಇನ್ನೂ 11 ಗಜ ಬೇಕು. ಸುರಕ್ಷಿತ ದಾರಿಯೆಂದರೆ ಓಡಿ ಸಮಯ ಕಳೆಯುವುದು, ಪಂಟ್ ಮಾಡಿ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟು, ನಮ್ಮ ಡಿಫೆನ್ಸ್ ಅನ್ನು ನಂಬುವುದು. ಇಲ್ಲಿ ವಿಡಿಯೊ ನಿಲ್ಲಿಸಿ ಮಕ್ಕಳನ್ನು ಕೇಳಿ: ನೀನಾಗಿದ್ದರೆ ಏನು ಮಾಡುತ್ತಿದ್ದೆ? ನೋಟರ್ ಡೇಮ್ ತನ್ನ ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಲು ಮುಂದೆ ತಂದಿದೆ. ಅಂಚಿನಲ್ಲಿ ಸ್ಮಿತ್, ಅವನೆದುರು ಒಬ್ಬನೇ ಕಾವಲುಗಾರ, ಹಿಂದೆ ಯಾರೂ ಇಲ್ಲ. ಹೋವರ್ಡ್ ಚೆಂಡನ್ನು ಎತ್ತರಕ್ಕೆ ಎಸೆಯುತ್ತಾನೆ, ಸ್ಮಿತ್ ಅಂಚುಗೆರೆಯ ಪಕ್ಕದಲ್ಲೇ ಓಡಿ ಹಿಡಿಯುತ್ತಾನೆ. 56 ಗಜ. ನಂತರ ಫೀಲ್ಡ್ ಗೋಲ್, 34-23, ರಾಷ್ಟ್ರೀಯ ಪ್ರಶಸ್ತಿ. ಆ ಫೀಲ್ಡ್ ಗೋಲ್ ಹೊಡೆದವನು ಮಿಷಿಗನ್ ಎದುರು ಎರಡು ತಪ್ಪಿಸಿದ್ದ ಅದೇ ಹುಡುಗ.

ನವೆಂಬರ್‌ನಲ್ಲಿ ಇದ್ದ ಆಟಗಾರರೇ ಜನವರಿಯಲ್ಲೂ ಇದ್ದರು, ಬದಲಾದದ್ದು ಚೆಂಡು ಯಾರ ಕೈಗೆ ಹೋಗಬೇಕೆಂಬ ತೀರ್ಮಾನ. 2025ರ ನವೆಂಬರ್ 29ರಂದು ಆನ್ ಆರ್ಬರ್‌ನಲ್ಲಿ ಮಿಷಿಗನ್ ಅನ್ನು 27-9ರಿಂದ ಸೋಲಿಸಿದಾಗಲೂ ಸ್ಮಿತ್ ಮತ್ತು ಟೇಟ್ ಇಬ್ಬರಿಗೂ ದೂರದ ಟಚ್‌ಡೌನ್‌ಗಳು ಸಿಕ್ಕವು. ಪಾಠ ಕಲಿತಿದ್ದರು ಎಂದು ನನಗೆ ಆಗ ಖಾತ್ರಿಯಾಯಿತು.

ಮಗ ಶಾಲೆಯ ತಂಡಕ್ಕೆ ಸೇರಬೇಕೆಂದು ಹಟ ಹಿಡಿದಿದ್ದಾನೆ ಎಂದವರಿಗೆ: ತಲೆಗೆ ಪೆಟ್ಟು ಬೀಳುವ ನಿಮ್ಮ ಭಯ ಸರಿಯಾದದ್ದೇ, ಅದನ್ನು ಯಾರೂ ತಳ್ಳಿಹಾಕಬಾರದು. ನಮ್ಮ ಮನೆಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಆರಿಸಿಕೊಂಡೆವು. ಸೊಂಟದ ಪಟ್ಟಿ ಎಳೆದರೆ ಆಟ ನಿಲ್ಲುತ್ತದೆ, ಮೈಮೇಲೆ ಬಿದ್ದು ಕೆಡವುವುದಿಲ್ಲ. ಹುಡುಗಿಯರೂ ಆಡುತ್ತಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಅದು ಇದೆ. ಯೋಜನೆ, ಜಾಗ ಹುಡುಕುವುದು, ಎಸೆಯುವ ಸಮಯ, ಎಲ್ಲವೂ ಅದರಲ್ಲಿ ಉಂಟು. ನನ್ನ ಮಗ ಊಟದ ಮೇಜಿನ ಮೇಲೆ ಹುಣಸೆಬೀಜಗಳನ್ನು ಜೋಡಿಸಿ ಯಾರು ಎಲ್ಲಿ ಓಡಬೇಕೆಂದು ಅಜ್ಜನಿಗೆ ವಿಡಿಯೊ ಕರೆಯಲ್ಲಿ ವಿವರಿಸುತ್ತಾನೆ. ಅಜ್ಜನಿಗೆ ಇಂಗ್ಲಿಷ್ ಬಾರದು, ಹಾಗಾಗಿ ಪೂರ್ತಿ ಕನ್ನಡದಲ್ಲೇ. ನಮ್ಮ ಕನ್ನಡ ತರಗತಿಯಲ್ಲಿ ಅವನು ಅಷ್ಟು ಹೊತ್ತು ಒಂದೇ ಉಸಿರಿನಲ್ಲಿ ಮಾತಾಡಿದ್ದನ್ನು ನಾನು ನೋಡಿಲ್ಲ. ಮಕ್ಕಳಿಗೆ ಪ್ರಿಯವಾದ ವಿಷಯವನ್ನು ಹೊರಗಿಟ್ಟು ಭಾಷೆ ಕಲಿಸಲು ಹೊರಟರೆ ಕಷ್ಟ ಹೆಚ್ಚು.

ಕಾರ್ಯಕ್ರಮ ಸಮಿತಿಯವರಲ್ಲಿ ಒಂದು ವಿನಂತಿಯಿದೆ. ರಾಜ್ಯೋತ್ಸವವನ್ನು ನವೆಂಬರ್‌ನ ಶನಿವಾರ ಮಧ್ಯಾಹ್ನ ಇಟ್ಟುಕೊಂಡರೆ ಹತ್ತು ದಾಟಿದ ಮಕ್ಕಳು ಬರುವುದಿಲ್ಲ, ಬಂದರೂ ಮೊಬೈಲ್‌ನಲ್ಲಿ ಅಂಕ ನೋಡುತ್ತಿರುತ್ತಾರೆ. ಮಿಷಿಗನ್ ಪಂದ್ಯ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಮಧ್ಯಾಹ್ನ 12ಕ್ಕೆ ಶುರುವಾಗುತ್ತದೆ. ಈ ಬಾರಿ ಕಾರ್ಯಕ್ರಮ ಭಾನುವಾರ ಆಗಲಿ. ಸಭಾಂಗಣ ಭಾನುವಾರಕ್ಕೆ ಸಿಗುವುದೇ ಎಂದು ವಿಚಾರಿಸಲು, ಕುರ್ಚಿ ಜೋಡಿಸಲು, ಬಿಸಿಬೇಳೆ ಬಾತ್ ಪಾತ್ರೆ ಹೊರಲು ನಾನು ಸಿದ್ಧನಿದ್ದೇನೆ. ಶನಿವಾರದ ಪಂದ್ಯಕ್ಕೆ ನಮ್ಮ ಮನೆ ತೆರೆದಿರುತ್ತದೆ, ಮಕ್ಕಳನ್ನು ಕರೆತನ್ನಿ.