ಅಪ್ಪ ಲಿವಿಂಗ್ ವಿಲ್ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡುವ ಕಾಗದ) ಬರೆಯಬೇಕು ಅಂತ ಹಟ ಹಿಡಿದಿದ್ದಾರೆ, ಎಲ್ಲಿಂದ ಶುರು ಮಾಡಲಿ?

ಮೈಸೂರು_ಮಗಳು:
ಅಪ್ಪನಿಗೆ 78, ರಿಟೈರ್ಡ್ ಮೇಷ್ಟ್ರು. ಶುಗರ್ ಬಿಟ್ಟರೆ ಗಟ್ಟಿಯಾಗಿದ್ದಾರೆ. ಹೋದ ವರ್ಷ ದೊಡ್ಡಮ್ಮ 19 ದಿನ ವೆಂಟಿಲೇಟರ್ ಮೇಲಿದ್ದು ಹೋದರು. ಐಸಿಯು ಬಾಗಿಲಲ್ಲಿ ಕೂತು ಅದನ್ನೆಲ್ಲ ನೋಡಿ ಬಂದ ಮೇಲೆ ಇವರದು ಒಂದೇ ಮಾತು, "ಕೊನೇಲಿ ನನ್ನ ಬಾಯಿಗೆ ನೀರು ಬಿಡೋರು ನೀವು, ಪೈಪಲ್ಲ. ಈಗಲೇ ಬರೆದಿಡ್ತೀನಿ." ನ್ಯೂಜೆರ್ಸಿಯಲ್ಲಿರುವ ಅಣ್ಣ ಫೋನಿನಲ್ಲೇ ಸಿಡಿದ, ಆತ್ಮಹತ್ಯೆಗೂ ಇದಕ್ಕೂ ಏನು ವ್ಯತ್ಯಾಸ ಅಂತ. ಇದು ನಿಜಕ್ಕೂ ಕಾನೂನಿನಲ್ಲಿ ನಡೆಯುತ್ತದಾ? ಎಲ್ಲಿ ಮಾಡಿಸಬೇಕು? ಅಪ್ಪ ಬೇರೆ ನನ್ನ ಹೆಸರು ಹಾಕುತ್ತೇನೆ ಎನ್ನುತ್ತಿದ್ದಾರೆ, "ಸಾಕು ತೆಗೀರಿ" ಅಂತ ನಾನು ಹೇಳಬೇಕಂತೆ. ಕೈಕಾಲು ನಡುಗುತ್ತದೆ.

ಕರಿಕೋಟು:
ನಡೆಯುತ್ತದೆ ಮೇಡಂ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕಾಮನ್ ಕಾಸ್ ಅನ್ನುವ ಸಂಸ್ಥೆ ಹಾಕಿದ್ದ ಕೇಸಿನಲ್ಲಿ ಒಪ್ಪಿದೆ. ಸಂವಿಧಾನದ 21ನೇ ವಿಧಿ ಕೊಟ್ಟಿರುವ ಬದುಕುವ ಹಕ್ಕಿನಲ್ಲೇ ಘನತೆಯಿಂದ ಸಾಯುವ ಹಕ್ಕೂ ಸೇರಿದೆ ಅಂತ. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕು ಅಂತ ಇಟ್ಟಿದ್ದರು, ಅದಕ್ಕೆ ಯಾರು ಅಲೆಯುತ್ತಾರೆ ಹೇಳಿ. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ, ಅಷ್ಟೇ. ಒಂದು ಪ್ರತಿ ಫ್ಯಾಮಿಲಿ ಡಾಕ್ಟರಿಗೆ ಕೊಡಿ, ಒಂದು ನಗರಪಾಲಿಕೆಗೆ. ಯಾವಾಗ ಮನಸ್ಸು ಬದಲಾದರೂ ಬರೆದುಕೊಟ್ಟು ರದ್ದು ಮಾಡಬಹುದು.

ಅಣ್ಣನಿಗೆ ಹೇಳಿ: ಇಂಜೆಕ್ಷನ್ ಕೊಟ್ಟು ಸಾಯಿಸುವುದು ಈಗಲೂ ಅಪರಾಧ. ಇದು ಬೇರೆ. ಗುಣವಾಗುವ ಆಸೆಯೇ ಇಲ್ಲದಾಗ ಯಂತ್ರದಿಂದ ಉಸಿರು ಎಳೆಯುವುದು ಬೇಡ ಎನ್ನುವುದು. "ನನ್ನನ್ನು ಸುಮ್ನೆ ಬಿಟ್ಟುಬಿಡಿ" ಅಂತಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಸ್ಥಿತಿಯಲ್ಲಿ ಯಾವುದು ಬೇಡ, ಬಿಡಿಸಿ ಬರೆಯಬೇಕು. ಮತ್ತೆ, ಹೆಸರು ನಿಮ್ಮದೊಂದೇ ಬೇಡ. ಒಬ್ಬರಿಗಿಂತ ಜಾಸ್ತಿ ಜನರ ಹೆಸರು ಹಾಕಬಹುದು ಅಂತ 2023ರ ಆದೇಶದಲ್ಲೇ ಇದೆ.

ಅನುಮಾನಪ್ಪ:
ಆಸ್ತಿಗೆ ಕಾದು ಕೂತ ಮಕ್ಕಳಿಗೆ ಒಳ್ಳೇ ದಾರಿ ಮಾಡಿಕೊಟ್ಟಿದ್ದಾರೆ. ನಿಮ್ಮನ್ನು ಅಂದಿದ್ದಲ್ಲ ತಂಗಿ, ಲೋಕ ನೋಡಿ ಹೇಳಿದ್ದು.

ನೈಟ್‌ಡ್ಯೂಟಿ:
ಅನುಮಾನಪ್ಪನವರೇ, ಮಕ್ಕಳು ಹೇಳಿದ ತಕ್ಷಣ ಯಾರೂ ಪೈಪ್ ಕೀಳುವುದಿಲ್ಲ. ನಾನು ಐಸಿಯು ನರ್ಸ್. ಮೊದಲು ಆಸ್ಪತ್ರೆಯ ಮೂವರು ಡಾಕ್ಟರುಗಳ ಬೋರ್ಡ್ ನೋಡಬೇಕು. ಆಮೇಲೆ ಇನ್ನೊಂದು ಬೋರ್ಡ್, ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಒಂದೊಂದೂ ಆದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳಬೇಕು. ತೆಗೆಯುವ ಮುಂಚೆ ಮ್ಯಾಜಿಸ್ಟ್ರೇಟಿಗೆ ತಿಳಿಸಬೇಕು. ಬೋರ್ಡ್ ಒಪ್ಪದಿದ್ದರೆ ಮನೆಯವರು ಹೈಕೋರ್ಟಿಗೆ ಹೋಗಬಹುದು. ನಮ್ಮ ರಾಜ್ಯದಲ್ಲಂತೂ 2025ರ ಜನವರಿ 30ಕ್ಕೆ ಆರೋಗ್ಯ ಇಲಾಖೆಯೇ ಆದೇಶ ಹೊರಡಿಸಿದೆ.

ಮೈಸೂರು ಅಕ್ಕ, ಎರಡು ಮಾತು. ಅಪ್ಪನಿಗೆ ವೆಂಟಿಲೇಟರ್ ಮೇಲೇ ಕೋಪ ಬರುವುದು ಬೇಡ. ನ್ಯುಮೋನಿಯಾ ಆಗಿ ಮೂರು ದಿನ ಅದರ ಮೇಲಿದ್ದು ನಡೆದುಕೊಂಡು ಮನೆಗೆ ಹೋದ ಅಜ್ಜಂದಿರನ್ನು ಕಂಡಿದ್ದೇನೆ. ಅಂಥ ಕಡೆ ಈ ಕಾಗದ ಲೆಕ್ಕಕ್ಕೆ ಬರುವುದೂ ಇಲ್ಲ. ಎಚ್ಚರವಾಗಿ, ಬುದ್ಧಿ ಸರಿಯಾಗಿದ್ದಾಗ ಅವರೇ ಬೇಡ ಅಂದರೆ ಬೋರ್ಡೂ ಬೇಕಿಲ್ಲ, ಕಾಗದ ಇರುವುದು ಮಾತು ನಿಂತ ಮೇಲಕ್ಕೆ. ಇನ್ನೊಂದು, ಕಾಗದವನ್ನು ಬೀರುವಿನಲ್ಲಿ ಇಡಬೇಡಿ! ರಾತ್ರಿ ಎರಡಕ್ಕೆ ಎಮರ್ಜೆನ್ಸಿಗೆ ಕರೆತಂದವರ ಹತ್ತಿರ ಏನೂ ಇಲ್ಲದಿದ್ದರೆ ನಾವು ಮೊದಲು ಟ್ಯೂಬ್ ಹಾಕುತ್ತೇವೆ, ಆಮೇಲೆ ಕೇಳುತ್ತೇವೆ. ಫೋನಿನಲ್ಲಿ ಫೋಟೋ ಇರಲಿ. ನೋವಿನ ಮದ್ದು, ಮೈ ಒರೆಸುವುದು, ಬಾಯಿ ತೇವ ಮಾಡುವುದು, ಇದ್ಯಾವುದೂ ನಿಲ್ಲುವುದಿಲ್ಲ.

ಹೊನ್ನಾವರದವ:
ನಮ್ಮ ಹಳದೀಪುರದ ಹುಡುಗಿ ಅರುಣಾ ಶಾನಭಾಗ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅಲ್ಲೇ ವಾರ್ಡ್ ಬಾಯ್ ಒಬ್ಬ ಹಲ್ಲೆ ಮಾಡಿದ. 2015ರ ಮೇವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಬಿದ್ದಿದ್ದಳು. 2011ರಲ್ಲಿ ದಯಾಮರಣದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ನೋಡಿಕೊಳ್ಳುತ್ತಿದ್ದ ನರ್ಸುಗಳಿಗೆ ಅವಳು ಬದುಕಿರಬೇಕಿತ್ತು. ಅವರದು ತಪ್ಪು ಅಂತ ನಾನು ಹೇಳಲಾರೆ, ನಾಲ್ಕು ದಶಕ ಬೆನ್ನಿಗೆ ಹುಣ್ಣಾಗದ ಹಾಗೆ ನೋಡಿಕೊಂಡವರು. ಆದರೆ ಅವಳಿಗೇ ಏನು ಬೇಕಿತ್ತು? ಯಾರ ಹತ್ತಿರವೂ ಒಂದು ಸಾಲು ಇರಲಿಲ್ಲ. ನಿಮ್ಮಪ್ಪ ಆ ಸಾಲು ಬರೆಯುತ್ತೇನೆ ಎನ್ನುತ್ತಿದ್ದಾರೆ, ಬರೆಯಲಿ ಬಿಡಿ.

ಮೈಸೂರು_ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ನ್ಯುಮೋನಿಯಾ ವಿಷಯ ಕೇಳಿ, "ಮೂರು ದಿನಕ್ಕಾದರೆ ಒಪ್ಪಿಗೆ, ನಾಲ್ಕನೇ ದಿನ ಕೇಳಬೇಡ" ಅಂತ ಚೌಕಾಸಿ ಶುರು ಮಾಡಿದ್ದಾರೆ. ಸೋಮವಾರ ನೋಟರಿ ಹತ್ತಿರ ಹೋಗುತ್ತೇವೆ, ಎದುರು ಮನೆಯವರೂ ಅಪ್ಪನ ವಾಕಿಂಗ್ ಗೆಳೆಯರೂ ಸಾಕ್ಷಿಗೆ ಬರುತ್ತಾರೆ. ಎರಡನೇ ಹೆಸರು ಅಣ್ಣನದು. ಅದನ್ನು ಅವನಿಗೆ ಅಪ್ಪನೇ ಫೋನ್ ಮಾಡಿ ಹೇಳಲಿ ಅಂತ ಬಿಟ್ಟಿದ್ದೇನೆ.