‘ಬೀನ್‌ಕಾರ’ ಹೆಣ್ಣಾದರೆ ಏನೆನ್ನಬೇಕು?

ಬಲ್ಲವರಿಗೆ ನಮಸ್ಕಾರ.

ಒಂದು ಆಮಂತ್ರಣ ಪತ್ರಿಕೆಯ ಕರಡು ಎದುರಿಗಿದೆ. ಶಿರಸಿ ಹತ್ತಿರದ ನಮ್ಮೂರಿನಲ್ಲಿ, ಅಣ್ಣನ ಮನೆಯ ಜಗಲಿಯ ಮೇಲೆ, ಒಂದು ಸಂಜೆ ರುದ್ರವೀಣೆಯ ಬೈಠಕ್. ಬಾರಿಸುವವಳು ಅಣ್ಣನ ಮಗಳು. ಅಚ್ಚಿನ ಮನೆಯವರು ಅವಳ ಹೆಸರಿನ ಕೆಳಗೆ ‘ಮಹಿಳಾ ಬೀನ್‌ಕಾರ’ ಎಂದು ಜೋಡಿಸಿ ಕಳಿಸಿದ್ದಾರೆ. ಕೂಸು (ನಮ್ಮ ಮನೆಮಾತಿನಲ್ಲಿ ಹುಡುಗಿ) ಅದನ್ನು ಎರಡು ಸಲ ಓದಿ, “ಅತ್ತೆ, ಆನು ‘ಕಾರ’ ಹೆಂಗೆ ಆಗ್ತಿ?” (ನಾನು ‘ಕಾರ’ ಹೇಗಾಗುತ್ತೇನೆ?) ಎಂದು ಕೇಳಿತು. ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಕನ್ನಡ ವ್ಯಾಕರಣ ಕಲಿಸಿದವಳು ನಾನು. ತಟ್ಟನೆ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ‘ಬೀನ್’. ನಮ್ಮ ಕಡೆಯವರಿಗೆ ಬೀನ್ ಎಂದರೆ ಹಾವಾಡಿಗನ ಪುಂಗಿ. ನೆರೆಮನೆಯ ಹಿರಿಯರೊಬ್ಬರು ಕರಡು ನೋಡಿ, ಹಾವು ಆಡಿಸುವವರೂ ಬರುತ್ತಾರೋ ಎಂದು ನಿಜವಾಗಿಯೇ ವಿಚಾರಿಸಿದರು. ಹಿಂದಿಯಲ್ಲಿ ಪುಂಗಿಗೂ ರುದ್ರವೀಣೆಗೂ ಒಂದೇ ಹೆಸರು. ವೀಣೆ ಬೀನ್ ಆದ ದಾರಿ ಮಾತ್ರ ನಮಗೆ ಪರಿಚಿತವೇ: ವೀಥಿ ಬೀದಿಯಾಯಿತು, ವಸತಿ ಬಸದಿಯಾಯಿತು, ವಂಧ್ಯೆ ಬಂಜೆಯಾದಳು. ‘ಕಾರ’ವೂ ಓಲೆಕಾರ, ಕೋಲುಕಾರ ಎಂದು ಕೇಳಿ ಪಳಗಿದ ಕಿವಿಗೆ ಹೊರಗಿನದೆನಿಸುವುದಿಲ್ಲ. ಹಾಗಾಗಿ ಬೀನ್‌ಕಾರ ಎಂಬ ಮಾತು ಕನ್ನಡದೊಳಗೆ ಸಲೀಸಾಗಿ ಬಂದು ಕೂತಿದೆ. ಕೂತದ್ದು ಗಂಡಸಾಗಿ.

ಅದಕ್ಕೆ ಕಾರಣ ಭಾಷೆಯಲ್ಲಿಲ್ಲ, ವಾದ್ಯದ ಚರಿತ್ರೆಯಲ್ಲಿದೆ. ರುದ್ರವೀಣೆ ಧ್ರುಪದದ, ಎಂದರೆ ಹಿಂದೂಸ್ತಾನಿ ಸಂಗೀತದ ಹಳೆಯ ಗಂಭೀರ ಶೈಲಿಯ, ವಾದ್ಯ. ಅದನ್ನು ಉಳಿಸಿಕೊಂಡು ಬಂದ ಮನೆತನಗಳಲ್ಲಿ ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಹೆಂಗಸರು ಅದನ್ನು ಮುಟ್ಟಬಾರದು, ಮುಟ್ಟಿದರೆ ಬಸಿರಿಗೆ ಕೇಡು ಎಂಬ ನಂಬಿಕೆ ಬಹುಕಾಲ ಗಟ್ಟಿಯಾಗಿತ್ತು. ಪಾರ್ವತಿ ಒರಗಿ ಮಲಗಿದ ಚೆಲುವನ್ನು ನೋಡಿ ಶಿವ ಈ ವೀಣೆಯನ್ನು ರೂಪಿಸಿದನೆಂದು ಕತೆ ಹೇಳುವವರೇ ಹೆಣ್ಣಿನ ಕೈಗೆ ಇದನ್ನು ಕೊಡಲಿಲ್ಲ ಎಂಬುದು ನನಗೆ ತುಂಬ ನೋವಿನ ಸಂಗತಿ. ಬಾರಿಸುವ ಹೆಣ್ಣೇ ಇಲ್ಲದ ಮೇಲೆ ಅವಳಿಗೊಂದು ಪದ ಯಾಕೆ ಹುಟ್ಟೀತು?

ಈಗ ಹಾಗಿಲ್ಲ. ನಮ್ಮ ಶಿರಸಿ ಸೀಮೆಯ ಜ್ಯೋತಿ ಹೆಗಡೆಯವರು ಬಿಂದುಮಾಧವ ಪಾಠಕರಲ್ಲಿ, ಮುಂದೆ ಧ್ರುಪದದ ಒಂದು ಶೈಲಿಯಾದ ಖಂಡಾರಬಾನಿಯ ಉಸ್ತಾದ್ ಅಸದ್ ಅಲಿ ಖಾನರಲ್ಲಿ (1937–2011) ಕಲಿತು ಈ ವಾದ್ಯಕ್ಕೆ ಬಾಳನ್ನೇ ಕೊಟ್ಟವರು. ಮಲೆನಾಡಿನ ಒಂದು ಮೂಲೆಯಲ್ಲಿ ಕೂತು ಅವರು ಮಾಡಿದ ಸಾಧನೆಯ ಸುದ್ದಿ ಕೇಳಿಯೇ ನಮ್ಮ ಕೂಸಿಗೂ ಆಸೆ ಹುಟ್ಟಿದ್ದು. ಅಂಥವರ ಬಗ್ಗೆ ಬರೆಯುವಾಗಲೂ ‘ಮಹಿಳಾ’ ಎಂಬ ಬಾಲವನ್ನು ಮುಂದೆ ಕಟ್ಟಬೇಕೆ? ಯಾರೂ ‘ಮಹಿಳಾ ಗಾಯಕ’ ಎನ್ನುವುದಿಲ್ಲ, ಗಾಯಕಿ ಎನ್ನುತ್ತಾರೆ.

ನನಗೆ ಹೊಳೆದವು ಇಷ್ಟು. ‘ವೀಣಾವಾದಿನಿ’ ಎಂದರೆ ಸರಸ್ವತಿಯೇ ಕಣ್ಣಮುಂದೆ ಬರುತ್ತಾಳೆ, ಮನುಷ್ಯರಿಗೆ ಒಗ್ಗುವುದಿಲ್ಲ. ‘ವೀಣಾವಾದಕಿ’ ಪತ್ರಿಕೆಗಳಲ್ಲಿ ನಡೆಯುತ್ತದೆ, ಆದರೆ ನನ್ನ ತರಗತಿಯ ಮಕ್ಕಳು ಅದನ್ನು ವಾದ ಮಾಡುವವಳು ಎಂದು ಬಿಡಿಸಿದ್ದು ಇನ್ನೂ ನೆನಪಿದೆ. ‘ವೈಣಿಕ’ಕ್ಕೆ ‘ವೈಣಿಕೆ’ ಎಂದು ಮಾಡಿದರೆ ಚೆನ್ನ. ಆದರೆ ಈ ಮಾತು ಮೈಸೂರು ಸೀಮೆಯ ವೀಣೆಗೆ, ವೀಣೆ ಶೇಷಣ್ಣನವರ ಪರಂಪರೆಗೆ ಅಂಟಿಕೊಂಡದ್ದು. ವೈಣಿಕೆ ಎಂದು ಓದಿ ಬಂದವರು ಮಡಿಲಲ್ಲಿಟ್ಟು ನುಡಿಸುವ, ಮರದ ಕೊಡದ ವೀಣೆಯನ್ನೇ ಎದುರು ನೋಡುತ್ತಾರೆ. ಉಳಿಯುವುದು ನಮ್ಮದೇ ಗಾರ–ಗಾರ್ತಿ. ಹಾಡುಗಾರ್ತಿ, ಕತೆಗಾರ್ತಿ, ಮಾತುಗಾರ್ತಿ ಇರುವಾಗ ಬೀನಗಾರ್ತಿ ಅಥವಾ ರುದ್ರವೀಣೆಗಾರ್ತಿ ಯಾಕಾಗಬಾರದು? ‘ಗಾತಿ’ ಎಂಬ ರೂಪವೂ ಇದೆ. ಆದರೆ ಮಾಟಗಾತಿ, ಮೋಸಗಾತಿಯರ ಸಾಲಿನಲ್ಲಿ ಕೂಸನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ.

ಇಲ್ಲೊಂದು ಮನೆಮಾತಿನ ತೊಡಕು. ಮೇಲೆ ‘ಕೂಸು ಕೇಳಿತು’ ಎಂದು ಬರೆದೆ, ಬೇಕೆಂದೇ. ನಮ್ಮ ಹವ್ಯಕರ ಮಾತಿನಲ್ಲಿ ಹೆಣ್ಣಿಗೆ ನಪುಂಸಕದ ಕ್ರಿಯೆಯೇ ಸೇರುವುದು. ಅತ್ತಿಗೆ ಬಂತು, ಆಯಿ ಹೇಳ್ತು, ಕೂಸು ಚೊಲೋ ಬಾರಸ್ತು. ಇದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲ, ಸಲಿಗೆ ಇದೆ. ಆದರೆ ಕ್ರಿಯಾಪದ ಹೆಣ್ಣನ್ನು ಬೇರೆಯಾಗಿ ಗುರುತಿಸದ ಮಾತಿನಲ್ಲಿ ಬೆಳೆದವರಿಗೆ ನಾಮಪದದಲ್ಲಾದರೂ ಆ ಗುರುತು ಬೇಕೆನಿಸುತ್ತದೆ.

ಇನ್ನು ಕ್ರಿಯಾಪದ. ಕರಡಿನಲ್ಲಿ ನಾನು ‘ರುದ್ರವೀಣೆ ಬಾರಿಸಲಿದ್ದಾಳೆ’ ಎಂದು ಬರೆದದ್ದನ್ನು ಬೆಂಗಳೂರಿನ ಬಂಧುವೊಬ್ಬರು ‘ನುಡಿಸಲಿದ್ದಾಳೆ’ ಎಂದು ತಿದ್ದಿದರು. ಬಾರಿಸುವುದು ಜಾಗಟೆಯನ್ನು, ಗಂಟೆಯನ್ನು ಎಂದು ಅವರ ಮಾತು. ಘಟ್ಟದ ಮೇಲೆ ಧಾರವಾಡದವರೆಗೆ, ಕೆಳಗೆ ಕಾರವಾರದವರೆಗೆ ನಾವು ಪೇಟಿ (ಹಾರ್ಮೋನಿಯಂ) ಬಾರಿಸುತ್ತೇವೆ, ಸಿತಾರ ಬಾರಿಸುತ್ತೇವೆ. ಹಾಲಕ್ಕಿ ಒಕ್ಕಲಿಗರ ಚರ್ಮವಾದ್ಯ ಗುಮಟೆಯನ್ನೂ ಬಾರಿಸುತ್ತೇವೆ. ಇದು ಒರಟು ಮಾತಲ್ಲ. ನನ್ನ ಸಾಕ್ಷಿ ಬಸವಣ್ಣ:

ಎನ್ನ ಕಾಯವ ದಂಡಿಗೆಯ ಮಾಡಯ್ಯಾ
ಎನ್ನ ಶಿರವ ಸೋರೆಯ ಮಾಡಯ್ಯಾ
ಎನ್ನ ನರವ ತಂತಿಯ ಮಾಡಯ್ಯಾ
ಎನ್ನ ಬೆರಳ ಕಡ್ಡಿಯ ಮಾಡಯ್ಯಾ

ಎಂದು ಹೇಳುತ್ತ ಕೊನೆಗೆ ‘ಉರದಲೊತ್ತಿ ಬಾರಿಸು’ ಎನ್ನುತ್ತಾನೆ. ತಂತಿವಾದ್ಯ, ಎದೆಗೊತ್ತಿ ಹಿಡಿದದ್ದು, ಕ್ರಿಯಾಪದ ಬಾರಿಸು. ಪುರಂದರದಾಸರದು ‘ತಂಬೂರಿ ಮೀಟಿದವ’, ಮರುಕ್ಷಣದಲ್ಲೇ ‘ತಾಳವ ತಟ್ಟಿದವ’. ಬೆರಳಿನ ಒಂದೊಂದು ಕೆಲಸಕ್ಕೂ ಒಂದೊಂದು ಮಾತು. ‘ನುಡಿಸು’ ಎಂಬುದೂ ಸೊಗಸೇ, ವಾದ್ಯವನ್ನು ಮಾತಾಡಿಸುವುದು ಅದರ ಅರ್ಥ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಬಾರಿಸು’ ತಪ್ಪೆಂದು ಕೆಂಪು ಶಾಯಿ ಹಾಕಿದರೆ ಒಪ್ಪಲಾರೆ.

ಆ ವಚನವನ್ನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅದರ ಪದಗಳು ಕಣ್ಣಿಗೆ ಕಟ್ಟಿದ್ದು ಮಾತ್ರ ಕೂಸು ಮೊದಲ ಸಲ ವೀಣೆಯನ್ನು ಮನೆಗೆ ತಂದ ದಿನ. ಉದ್ದದ ಒಂದು ದಂಡಿ, ಅದರ ಕೆಳಗೆ ಎರಡು ದೊಡ್ಡ ಸೋರೆಬುರುಡೆ. ಅಸದ್ ಅಲಿ ಖಾನರ ಪದ್ಧತಿಯಲ್ಲಿ ಒಂದು ಬುರುಡೆ ಎಡ ಹೆಗಲ ಮೇಲೇರುತ್ತದೆ, ಇನ್ನೊಂದು ಬಲಗಡೆ ತೊಡೆಯ ಬಳಿ ಇಳಿಯುತ್ತದೆ, ದಂಡಿ ಎದೆಯ ಮೇಲೆ ಓರೆಯಾಗಿ ಹಾಯುತ್ತದೆ. ಉರದಲೊತ್ತಿ! ವಚನದ ದಂಡಿಗೆಯೇ ಇಂದಿನ ರುದ್ರವೀಣೆ ಎಂದು ನಾನು ಹೇಳುತ್ತಿಲ್ಲ, ಅಲ್ಲಿರುವುದು ಒಂದೇ ಸೋರೆ. ಆದರೆ ಇಂಥ ವಾದ್ಯದ ಅಂಗಾಂಗಗಳಿಗೆ 12ನೇ ಶತಮಾನದ ಕನ್ನಡದಲ್ಲಿ ಮಾತುಗಳಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಹೀಗಿರುತ್ತ ವಾದ್ಯದ ಪರಿಚಯದ ಹಾಳೆಯಲ್ಲಿ ‘ಎರಡು ದೊಡ್ಡ ತುಂಬಾ ಇರುವ ವಾದ್ಯ’ ಎಂದು ಬರೆದರೆ ಹೇಗೆ? ಹಿಂದಿಯ ತುಂಬಾ ಸೋರೆಬುರುಡೆ, ಕನ್ನಡದ ತುಂಬಾ ಬಹಳ. ಓದುವವರು ಅಲ್ಲೇ ಎಡವುತ್ತಾರೆ. ‘ಜವಾರಿ’ಯದೂ ಅದೇ ಪಾಡು. ತಂತಿ ಝೇಂಕರಿಸುವಂತೆ, ಅದನ್ನು ಹೊತ್ತು ನಿಲ್ಲುವ ಕುದುರೆಯ ಮೇಲ್ಮೈಯನ್ನು ಉಜ್ಜಿ ಹದಗೊಳಿಸುವುದು ಜವಾರಿ. ನಮ್ಮ ಪೇಟೆಯಲ್ಲಿ ಜವಾರಿ ಎಂದರೆ ಊರ ತಳಿಯ ಕೋಳಿ, ಊರ ಬದನೆ. ‘ಝೇಂಕಾರದ ಹದ’ ಎಂದು ಬಿಡಿಸಿ ಬರೆದಿದ್ದೇನೆ. ದಂಡಿಯ ಮೇಲೆ ಸ್ವರಸ್ಥಾನ ಗುರುತಿಸುವ ಪರದೆಗೆ ‘ಮೆಟ್ಟಿಲು’ ಎಂದಿದ್ದೇನೆ. 24ರ ಆಸುಪಾಸು ಮೆಟ್ಟಿಲು, ಮೇಣದಲ್ಲಿ ಕೂರಿಸಿದ್ದು. ತಂತಿ ಬಿಗಿಯುವ ಬಿರಡೆ, ಕುದುರೆ, ತಂತಿ ಹೇಗೂ ನಮ್ಮವೇ. ಬೆರಳಿಗೆ ತೊಡುವ ತಂತಿಯ ಮಿಜ್ರಾಬ್‌ಗೆ ನಮ್ಮ ಕಡೆ ನಖಿ ಎನ್ನುತ್ತಾರೆ, ಅದನ್ನೇ ಇಟ್ಟೆ. ಬಸವಣ್ಣನ ‘ಕಡ್ಡಿ’ಯನ್ನು ತರಬೇಕೆಂಬ ಆಸೆಯಿತ್ತು. ಕೂಸು ಒಪ್ಪಲಿಲ್ಲ, ಬೆಂಕಿಕಡ್ಡಿ ನೆನಪಾಗುತ್ತದಂತೆ.

‘ಸೋರೆಬುರುಡೆ’ಯ ಬಗ್ಗೆ ಮಾತ್ರ ಮನೆಯಲ್ಲಿ ಎರಡು ಪಕ್ಷ. ಈಜು ಕಲಿಯುವಾಗ ಬೆನ್ನಿಗೆ ಕಟ್ಟಿಕೊಳ್ಳುವ ವಸ್ತುವಿನ ಹೆಸರು ಧ್ರುಪದದ ಗಾಂಭೀರ್ಯಕ್ಕೆ ಹೊಂದದು ಎಂದು ಅಣ್ಣ. ನನಗೆ ಆ ಹೆಸರೇ ಇಷ್ಟ. ಹಿತ್ತಿಲ ಚಪ್ಪರದಲ್ಲಿ ಬಲಿತು ಒಣಗಿ ಟೊಳ್ಳಾದ ಕಾಯಿಯೇ ಆ ಮಂದ್ರದ ದನಿಯನ್ನು ಹೊತ್ತು ನಿಲ್ಲುವುದು, ಅದನ್ನು ಮುಚ್ಚಿಡುವುದೇಕೆ?

ಕೇಳಬೇಕಾದದ್ದು ಮೂರು. ‘ಗಾರ್ತಿ’ ನಿಮ್ಮ ಊರಿನಲ್ಲಿ ಯಾವ ವಾದ್ಯದವಳಿಗಾದರೂ ಬಳಕೆಯಲ್ಲಿದೆಯೇ, ಪೇಟಿಗಾರ್ತಿ, ತಬಲಗಾರ್ತಿ ಎನ್ನುವ ಹಾಗೆ? ‘ಬೀನಗಾರ್ತಿ’ ಎಂದರೆ ನಿಮ್ಮ ಕಿವಿಗೆ ಹಾವಾಡಿಸುವವಳು ಬರುತ್ತಾಳೋ, ವೀಣೆಯವಳು ಬರುತ್ತಾಳೋ? ಅಂಕೋಲೆ, ಕುಮಟೆ, ಹೊನ್ನಾವರದ ಕಡೆಯವರು ವೀಣೆ, ತಂಬೂರಿಗಳ ಬುರುಡೆಗೆ ಬೇರೆ ಹೆಸರೇನಾದರೂ ಹೇಳುತ್ತಾರೆಯೇ?

ಸದ್ಯಕ್ಕೆ ಕರಡಿನಲ್ಲಿ ‘ಮಹಿಳಾ ಬೀನ್‌ಕಾರ’ ಹೊಡೆದು ಹಾಕಿ ಪೆನ್ಸಿಲ್‌ನಲ್ಲಿ ‘ರುದ್ರವೀಣೆಗಾರ್ತಿ’ ಎಂದು ಬರೆದಿದ್ದೇನೆ. ಬರುವ ಸೋಮವಾರ ಅಚ್ಚಿಗೆ ಕೊಡಬೇಕು.