ಸೊಂಟದ ಸುತ್ತಳತೆಯಿಂದ ಕಾರ್ಮಿಕರ ಫ್ಯಾಟಿ ಲಿವರ್ ಪತ್ತೆ: ಟೇಪನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ (ಕಾರ್ಖಾನೆಯ ಆರೋಗ್ಯ ಕೇಂದ್ರದ ನರ್ಸ್):
ನಮ್ಮಲ್ಲಿ ಸುಮಾರು 600 ಮಂದಿ ಮೂರು ಪಾಳಿಗಳಲ್ಲಿ ದುಡಿಯುತ್ತಾರೆ. ಎಲ್ಲರಿಗೂ ಅಲ್ಟ್ರಾಸೌಂಡ್ ಮಾಡಿಸುವಷ್ಟು ಹಣವಿಲ್ಲದ ಕಾರಣ, ಈ ವರ್ಷದ ತಪಾಸಣೆಯಲ್ಲಿ ಸೊಂಟದ ಸುತ್ತಳತೆ ತೆಗೆದು, ಹೆಚ್ಚಿರುವವರನ್ನಷ್ಟೇ ಮುಂದಿನ ಪರೀಕ್ಷೆಗೆ ಕಳುಹಿಸಲು ಆಡಳಿತದವರು ಯೋಚಿಸಿದ್ದಾರೆ. ಕಳೆದ ವಾರ ಹತ್ತು ಮಂದಿಯನ್ನು ಅಳೆದು ನೋಡಿದೆ. ತಮ್ಮ ಪ್ಯಾಂಟಿನ ಅಳತೆ 34 ಇಂಚು ಎಂದವರೊಬ್ಬರ ಸುತ್ತಳತೆ 97 ಸೆಂ.ಮೀ. ಬಂತು, ಬೆಲ್ಟನ್ನು ಅವರು ಹೊಟ್ಟೆಯ ಕೆಳಗೆ ಬಿಗಿದುಕೊಂಡಿದ್ದರು. ಆದರೆ 82 ಸೆಂ.ಮೀ. ಮಾತ್ರ ಇದ್ದ ಇನ್ನೊಬ್ಬರಿಗೆ ಹೋದ ವರ್ಷವೇ ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ಸೇರುವ ತೊಂದರೆ) ಎಂದು ವರದಿ ಬಂದಿದೆ. ಇಂಥವರು ಕೈತಪ್ಪಿ ಹೋಗುತ್ತಾರಲ್ಲ ಎಂಬುದು ನನ್ನ ಚಿಂತೆ.

ಉತ್ತರ 1 (ವೈದ್ಯರು):
ನಿಮ್ಮ ಚಿಂತೆ ಸರಿಯಾದದ್ದೇ. ಯಕೃತ್ತಿನಲ್ಲಿ ಸೇರುವ ಕೊಬ್ಬಿಗೂ ಹೊಟ್ಟೆಯೊಳಗಿನ ಅಂಗಗಳ ಸುತ್ತ ಕೂಡುವ ಕೊಬ್ಬಿಗೂ ಹತ್ತಿರದ ನಂಟಿರುವುದರಿಂದ, ಬರಿಯ ತೂಕ ಹೇಳದ ಸಂಗತಿಯನ್ನು ಟೇಪು ಹೇಳುತ್ತದೆ. ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಗಡಿಯೆಂದು ಹಿಡಿಯುತ್ತಾರೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವಣ ಜಾಗದಲ್ಲಿ, ಬಟ್ಟೆ ಸರಿಸಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಅಳೆಯಬೇಕು. ಆದರೂ ತೆಳ್ಳಗಿದ್ದು ಫ್ಯಾಟಿ ಲಿವರ್ ಇರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹಾಗಾಗಿ ಸಕ್ಕರೆ ಕಾಯಿಲೆಯಾಗಲಿ ಹೆಚ್ಚಿನ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಆಗಲಿ ಇರುವವರನ್ನು, ಸುತ್ತಳತೆ ಎಷ್ಟೇ ಇರಲಿ, ಮುಂದಿನ ಪರೀಕ್ಷೆಗೆ ಸೇರಿಸಿಕೊಳ್ಳಿ.

ಇನ್ನೊಂದು ಮಾತು. ಕೊಬ್ಬು ಇದೆಯೇ ಎಂಬುದಕ್ಕಿಂತ ಯಕೃತ್ತು ಗಟ್ಟಿಯಾಗುತ್ತಿದೆಯೇ ಎಂಬುದು ಮುಖ್ಯ, ಅದನ್ನು ಟೇಪು ತೋರಿಸದು. ವಯಸ್ಸು, ರಕ್ತಪರೀಕ್ಷೆಯಲ್ಲಿ ಸಿಗುವ ಎಎಸ್‌ಟಿ, ಎಎಲ್‌ಟಿ (ಯಕೃತ್ತಿನ ಕಿಣ್ವಗಳು), ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸಂಖ್ಯೆಗಳಿಂದ ಲೆಕ್ಕ ಹಾಕುವ ಫಿಬ್-4 ಅಂಕ 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತು ಹೆಚ್ಚು ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. 35 ವರ್ಷದೊಳಗಿನವರಲ್ಲಿ ಮಾತ್ರ ಈ ಲೆಕ್ಕವನ್ನು ನೆಚ್ಚಿಕೊಳ್ಳಬೇಡಿ.

ಉತ್ತರ 2 (ಜಪಾನಿನಲ್ಲಿ ಉದ್ಯೋಗದಲ್ಲಿರುವವರು):
ಇಲ್ಲಿ 2008ರಿಂದ 40ರಿಂದ 74 ವರ್ಷದವರ ತಪಾಸಣೆಯಲ್ಲಿ ಸೊಂಟದ ಅಳತೆಯೂ ಸೇರಿದೆ. ಗಡಿ ಗಂಡಸರಿಗೆ 85, ಹೆಂಗಸರಿಗೆ 90 ಸೆಂ.ಮೀ.; ಅಳೆಯುವುದು ಹೊಕ್ಕುಳಿನ ಮಟ್ಟದಲ್ಲಿ. ಜಾಗವೂ ಗಡಿಯೂ ಬೇರೆಯಾದ್ದರಿಂದ ಇಲ್ಲಿನ ಸಂಖ್ಯೆಗಳನ್ನು ನಮ್ಮೂರಿನ ಕಾರ್ಖಾನೆಗೆ ಹಾಗೆಯೇ ತರಲಾಗದು. ನನಗೆ ಹಿಡಿಸಿದ್ದು ಅದರ ಮುಂದಿನ ಹೆಜ್ಜೆ: ಗಡಿ ದಾಟಿ, ಸಕ್ಕರೆ, ರಕ್ತದೊತ್ತಡದಂಥ ತೊಂದರೆಯೂ ಇದ್ದವರನ್ನು ಆರೋಗ್ಯ ಸಲಹೆಗಾರರು ಕೂರಿಸಿಕೊಂಡು ಊಟ, ನಡಿಗೆಗಳ ಬಗ್ಗೆ ಮಾತನಾಡುತ್ತಾರೆ. ಆ ವ್ಯವಸ್ಥೆಯಿಲ್ಲದೆ ಬರಿದೆ ಅಳೆದು ಬಿಡುವುದರಲ್ಲಿ ನನಗೆ ನಂಬಿಕೆಯಿಲ್ಲ.

ಉತ್ತರ 3 (ಹೊಲಿಗೆ ವಿಭಾಗದ ಕೆಲಸಗಾರ್ತಿ):
ನಾನು ಹಿಂದೆ ಇದ್ದ ಕಡೆ ಎಲ್ಲರೆದುರೇ ಟೇಪು ಹಿಡಿದು ಸಂಖ್ಯೆಯನ್ನು ಗಟ್ಟಿಯಾಗಿ ಕೂಗಿ ಬರೆಸಿದ್ದರಿಂದ, ಮರುವರ್ಷ ಹಲವು ಹೆಂಗಸರು ತಪಾಸಣೆಯ ದಿನವೇ ರಜೆ ಹಾಕಿದರು. ದಯವಿಟ್ಟು ಪರದೆ ಕಟ್ಟಿ, ಹೆಂಗಸರನ್ನು ಹೆಂಗಸರೇ ಅಳೆಯಲಿ. ಆ ಪಟ್ಟಿ ಮೇಲ್ವಿಚಾರಕರ ಕೈಗೆ ಹೋಗದಿರಲಿ.

ಪ್ರಶ್ನೆ ಕೇಳಿದವರು:
ಪರದೆಯ ಏರ್ಪಾಡು ಖಂಡಿತ ಮಾಡುತ್ತೇನೆ. ರಾತ್ರಿ ಪಾಳಿ ಮುಗಿಸಿ ಕ್ಯಾಂಟೀನಿನಲ್ಲಿ ತಿಂಡಿ ತಿಂದು ಬಂದವರನ್ನು ಅಳೆಯಬಹುದೇ?

ಉತ್ತರ 1 (ವೈದ್ಯರು):
ಬೇಡ, ಹೊಟ್ಟೆ ತುಂಬಿದಾಗ ಅಳತೆ ಹೆಚ್ಚು ಬರುತ್ತದೆ. ಸಕ್ಕರೆ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದಾಗಲೇ ಎರಡು ಸಲ ಅಳೆದು, ಸರಾಸರಿಯನ್ನು ಬರೆದುಕೊಳ್ಳಿ.